ಹತ್ತಕ್ಕೆ ಎರಡು

"ಹತ್ತಕ್ಕೆ ನಿಮ್ಮ ಸುಖ ಎಷ್ಟು?"

ಗೋವಿಂದರಾಜನಗರದ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು, ಮುಖಪರಿಚಯವೂ ಇಲ್ಲದ ಹುಡುಗನೊಬ್ಬ ಮದುವೆಯಾಗದ ಹೆಣ್ಣುಮಗಳನ್ನು ಕೇಳಿದ ಮೊದಲ ಮಾತು ಇದು. ಭುವನೇಶ್ವರಿಯ ಕೈಯಲ್ಲಿ ಕತ್ತರಿ ಇದ್ದದ್ದನ್ನು ಅವನು ಗಮನಿಸಿರಲಿಲ್ಲ, ಪಾಪ.

"ಏನಂದ್ರಿ? ಇನ್ನೊಮ್ಮೆ ಅನ್ರಿ ನೋಡೋಣು."

"ತಪ್ಪು ತಿಳ್ಕೋಬೇಡಿ..." ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಾನು ಗಿರಿರಾಜ್. ಜ್ಞಾನಭಾರತೀಲಿ ಪಿಎಚ್‌ಡಿ ಮಾಡ್ತಾ ಇದೀನಿ. ಯಾವ್ಯಾವ ಊರಿನ ಜನ ಎಷ್ಟು ಸಂತೋಷವಾಗಿದಾರೆ ಅಂತ ಸರ್ವೆ. ಫಾರಿನ್‌ನಲ್ಲೆಲ್ಲ ಮಾಡ್ತಾರೆ. ಒಂದರಿಂದ ಹತ್ತರೊಳಗೆ ಒಂದು ನಂಬರ್ ಹೇಳಿದ್ರೆ ಸಾಕು."

"ಬಿಸಲಾಗ ನಿಂದ್ರಸಬ್ಯಾಡ, ಒಳಗ ಕರಿ ಯವ್ವಾ," ಒಳಗಿನಿಂದ ಅವ್ವ ಹನುಮವ್ವನ ದನಿ ಬಂತು.

ಅದು 2007ರ ಬೇಸಿಗೆ. ತಾಯಿ ಮಗಳು ಕೊಪ್ಪಳದ ಕಡೆಯಿಂದ ಬಂದು ನಾಲ್ಕು ವರ್ಷವಾಗಿತ್ತು. ಸೀರೆಗೆ ಫಾಲ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟುವುದು ಅವರ ಕಸುಬು. ವಿಜಯನಗರದ ಅಂಗಡಿಗಳ ರೇಷ್ಮೆ ಸೀರೆಗಳು ಮನೆ ತುಂಬ ಹರಡಿದ್ದವು, ಅವುಗಳ ನಡುವೆ ಜಾಗ ಮಾಡಿಕೊಂಡು ಗಿರಿರಾಜ್ ಮುದುಡಿ ಕೂತು ಮಜ್ಜಿಗೆ ಕುಡಿದ.

"ಎರಡು ಅಂತ ಬರ್ಕೊ ತಮ್ಮಾ," ಎಂದಳು ಹನುಮವ್ವ.

"ನನಗೂ ಎರಡ," ಎಂದಳು ಭುವನೇಶ್ವರಿ, ನಗು ತಡೆದುಕೊಂಡು.

ಅವನು ಬರೆದುಕೊಂಡ. ಬರೆಯುವಾಗ ಅವನ ಕಣ್ಣು ತೇವವಾಯಿತು. ಅದನ್ನು ಕಂಡು ಅವಳ ಸಿಟ್ಟು ಕರಗಿಹೋಯಿತು. ಕಣ್ಣು ಯಾಕೆ ತೇವವಾಯಿತೆಂದು ಅವಳು ಕೇಳಬೇಕಿತ್ತು... ಕೇಳಲಿಲ್ಲ.

ಒಂದೇ ದಿನಕ್ಕೆ ಮುಗಿಯುವ ನಲವತ್ತು ಪ್ರಶ್ನೆಗಳಿಗೆ ಗಿರಿರಾಜ್ ಏಳು ಭಾನುವಾರ ತೆಗೆದುಕೊಂಡ. ಬಸವೇಶ್ವರನಗರದ ಸ್ವಂತ ಮನೆಯ ಹುಡುಗ, ಇಲ್ಲಿ ನೆಲದ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದ. ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳು ಚುಚ್ಚಿಕೊಂಡ. ಏಳನೆಯ ವಾರ ಕ್ಯಾಮೆರಾ ತಂದ.

"ನಿಮ್ಮ ಕೈ ಫೋಟೋ ತಗೋಬಹುದಾ?"

"ಮಾರಿ ಬ್ಯಾಡೇನು?"

"ಮುಖ ನೋಡಿದ್ರೆ ನನ್ ಕೈ ನಡುಗತ್ತೆ," ಎಂದ, ತಲೆ ಎತ್ತದೆ.

ಆ ದಿನ ಮೈಮರೆತು ನೀಲಿ ಸೀರೆಗೆ ಹಸಿರು ದಾರದ ಕುಚ್ಚು ಕಟ್ಟಿಟ್ಟ ಭುವನೇಶ್ವರಿ, ಸಂಜೆಗೆ ಅಷ್ಟನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅವನು ತನ್ನ ಸೆಮಿನಾರಿಗೆ ಕರೆದಾಗ, ಅವ್ವನ ಇಳಕಲ್ ಸೀರೆ ಉಟ್ಟು, ಅವ್ವನನ್ನೂ ಕರೆದುಕೊಂಡು ಹೊರಟಳು.

ಸಭಾಂಗಣದ ಪರದೆಯ ಮೇಲೆ ಅವಳ ಕೈ ಮೂಡಿತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಸುಖ: ಹತ್ತಕ್ಕೆ ಎರಡು. ನಗರ ಇವರ ಸಂತೋಷವನ್ನು ಕಸಿದುಕೊಂಡಿದೆ.' ಪಕ್ಕದಲ್ಲಿ ದೂರ ದೇಶಗಳ ಏಳು, ಎಂಟು. ಎಲ್ಲಕ್ಕಿಂತ ಕೆಳಗೆ ಗೋವಿಂದರಾಜನಗರ.

ಮುಂದಿನ ಸಾಲಿನಲ್ಲಿ ಯಾರೋ "ಪಾಪ..." ಎಂದು ಲೊಚಗುಟ್ಟಿದರು.

ಪಾಪ? ನಾನಾ? ಹಾಗಾದರೆ ಏಳು ಭಾನುವಾರ ಇವನು ಬಂದದ್ದು ಕನಿಕರಕ್ಕಾ? ಭುವನೇಶ್ವರಿ ಎದ್ದು ನಿಂತಳು.

"ಸರ, ಆ ಕೈ ನಂದು. ನಾ ಮಾತಾಡ್ತೀನಿ."

ಪ್ರೊಫೆಸರು ಕನ್ನಡಕ ತೆಗೆದರು.

"ಹತ್ತಕ್ಕ ಹತ್ತು ಅಂತ ಬಾಯಿ ಬಿಟ್ಟು ಹೇಳಿದ್ರ ನದರು ತಗಲತೈತಿ ಅಂತ ನಮ್ಮ ಮಂದಿ ಎರಡು ಅಂತೀವ್ರಿ. ಚಂದನ ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಇಡ್ತೀವಲ್ಲ, ಹಂಗ. ಇವರು ಬೊಟ್ಟು ಎಣಿಸ್ಯಾರ, ಕೂಸಿನ ಮಾರಿ ನೋಡಿಲ್ಲ. ನಮ್ಮವ್ವ ಈ ಊರಾಗ ತನ್ನ ದುಡಿಮಿ ತಾ ಉಣ್ತಾಳ, ಯಾರ ಮುಂದೂ ತಲಿ ಬಗ್ಗಸಂಗಿಲ್ಲ. ನಮ್ಮ ಸುಖ ಯಾರೂ ಕಸಗೊಂಡಿಲ್ರಿ... ಇವತ್ತ ಇವರು ಕಸಗೊಂಡಷ್ಟ."

ಗಿರಿರಾಜ್ ತಲೆ ತಗ್ಗಿಸಿ ತನ್ನ ಕಾಗದಗಳನ್ನು ಜೋಡಿಸಿಕೊಂಡ. ಅವಳಿಗೆ ಪರದೆಗಿಂತ ಅದೇ ಹೆಚ್ಚು ನೋವು ಕೊಟ್ಟಿತು. ಅವ್ವನ ಕೈ ಹಿಡಿದು ಹೊರಟೇಬಿಟ್ಟಳು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಬರಬಾರದೆಂದೇ ಅವಳು ಹಟ ಹಿಡಿದಿದ್ದಳು, ಆದರೂ ಬೀದಿಯಲ್ಲಿ ಬೈಕು ನಿಂತರೆ ಸೂಜಿ ನಿಲ್ಲುತ್ತಿತ್ತು. ಮನಸ್ಸೆಂಬುದಕ್ಕೆ ಮಾನ ಮರ್ಯಾದೆ ಇರುವುದಿಲ್ಲ ನೋಡಿ.

ಮೂರನೆಯ ಭಾನುವಾರ ಬಾಗಿಲಲ್ಲಿ ಗಿರಿರಾಜ್ ನಿಂತಿದ್ದ. ಈ ಸಲ ಕೈಯಲ್ಲಿ ಫಾರಂ ಇರಲಿಲ್ಲ.

"ಪೇಪರ್ ವಾಪಸ್ ತಗೊಂಡೆ," ಎಂದ. "ಇರೋದನ್ನೇ ಸಲ್ಲಿಸು, ಇಲ್ಲಾಂದ್ರೆ ಒಂದು ವರ್ಷ ಹಾಳು ಅಂದ್ರು ಗೈಡು. ಹಾಳಾಗಲಿ, ಸುಳ್ಳು ಸಲ್ಲಿಸಲ್ಲ ಅಂದೆ. ಮೊದಲಿಂದ ಶುರು ಮಾಡ್ತೀನಿ."

"ನಮ್ಮನಿಗೆ ಕನಿಕರಕ್ಕ ಬರ್ತಿದ್ರೇನು?"

"ಮೊದಲನೇ ಭಾನುವಾರ, ಹೌದು." ಅವನು ತಪ್ಪಿಸಿಕೊಳ್ಳಲಿಲ್ಲ. "ಮಿಕ್ಕ ಆರೂ ನಿಮಗೋಸ್ಕರ. ಅವತ್ತು ಸಭೇಲಿ ಅದನ್ನ ಹೇಳಕ್ಕೆ ಧೈರ್ಯ ಬರಲಿಲ್ಲ. ನಿಮ್ಮನ್ನ ಮದುವೆ ಆಗಬೇಕು ಅಂತ ಮನೇಲಿ ಹೇಳಿದೀನಿ. ಯಾವ ಜನ ಅಂತ ಅಮ್ಮ ಕೇಳಿದ್ರು. ಕುಚ್ಚು ಕಟ್ಟೋ ಜನ ಅಂದೆ. ಇನ್ನೂ ಮಾತಾಡ್ತಿಲ್ಲ ನನ್ ಹತ್ರ."

"ಒಪ್ಪಲಿಲ್ಲಂದ್ರ?"

"ಒಪ್ಪೋವರೆಗೂ ಕೇಳ್ತೀನಿ. ಒಪ್ಪದಿದ್ರೂ ನಿಮ್ಮನ್ನ ಬಿಡಲ್ಲ."

ಅವಳ ಕಣ್ಣು ತುಂಬಿತು. ಆದರೂ ಅಷ್ಟು ಸುಲಭಕ್ಕೆ ಸೋಲುವವಳೇ?

"ಮದಿವಿ ಆದ್ರೂ ನಾ ಸೂಜಿ ಬಿಡಂಗಿಲ್ಲ."

"ಬಿಡಿ ಅಂದವರ್ಯಾರು? ದಾರ ಪೋಣಿಸೋಕೆ ನಾನಿದೀನಲ್ಲ."

"ಬೆರಳು ಚುಚ್ಚಿಕೊಳ್ಳಾಕ ಅದೀರಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ನೀವು ಹೇಳ್ರಿ. ಹತ್ತಕ್ಕ ನಿಮ್ಮ ಸುಖ ಎಷ್ಟು?"

ಗಿರಿರಾಜ್ ಅವಳನ್ನೇ ನೋಡಿದ. ಆಮೇಲೆ ಬೀದಿಯ ಆ ಕಡೆ ಈ ಕಡೆ ನೋಡಿ, ಯಾರಿಗೂ ಕೇಳಿಸದಂತೆ ದನಿ ತಗ್ಗಿಸಿದ.

"ಎರಡು."

ಭುವನೇಶ್ವರಿ ನಕ್ಕಳು, ನಗುತ್ತಲೇ ಅತ್ತಳು. ಬಾಗಿಲಿಂದ ಸರಿದು ಅವನಿಗೆ ದಾರಿ ಬಿಟ್ಟಳು.

"ನನಗೂ ಅಷ್ಟ ಬರ್ಕೋರಿ..."