ನಡುಗದ ಗೆರೆ

ಭಾನುವಾರ ಮಧ್ಯಾಹ್ನ ಮೂರೂವರೆಗೆ ಪಾಳಿ ಬದಲಿಸಲು ಬಂದ ವಾಚ್‌ಮನ್ ಔಷಧಿ ಗೋದಾಮಿನ ಗೇಟು ತಳ್ಳಿದ. ಚಿಲಕ ಹಾಕಿರಲಿಲ್ಲ. ಒಳಗೆ ಕುರ್ಚಿ ಮಗುಚಿ ಬಿದ್ದಿತ್ತು. ಪಕ್ಕದಲ್ಲಿ ಟೀ ಚೆಲ್ಲಿತ್ತು. ಚಿಕ್ಕ ಶೀತಕೋಣೆಯ ಬಾಗಿಲಲ್ಲಿ ಕೀಗೊಂಚಲು ನೇತಾಡುತ್ತಿತ್ತು. ಕೋಣೆಯ ನಡುವಿನ ಹಲಗೆ ಖಾಲಿ. ಕ್ಯಾನ್ಸರ್ ರೋಗಿಗಳಿಗೆ ಕೊಡುವ ಇಂಜೆಕ್ಷನ್, ನಲವತ್ತು ಡಬ್ಬ, ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕಾದದ್ದು, ಅಲ್ಲಿರಲಿಲ್ಲ.

ಹಗಲು ಪಾಳಿಯ ವಾಚ್‌ಮನ್ ಕೂಡ ಕಾಣಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಮಹಡಿ ಮೆಟ್ಟಿಲಿನ ಕೆಳಗೆ, ಪೊರಕೆ ಬಕೆಟ್ಟುಗಳ ನಡುವೆ. ಮೊಣಕಾಲು ಎದೆಗೆ ಅವುಚಿಕೊಂಡು, ಎರಡೂ ಕೈ ತಲೆಯ ಮೇಲಿಟ್ಟು ಕೂತಿದ್ದ. ಕಣ್ಣು ತೆರೆದೇ ಇತ್ತು. ಕರೆದರೆ ಓಗೊಡಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಅಲ್ಲಿದ್ದವರೆಲ್ಲ ತೀರ್ಪು ಕೊಟ್ಟು ಮುಗಿಸಿದ್ದರು.

"ಸುಲಭದ ಕೇಸು ಸಾರ್," ಅಂದ ಹೆಡ್ ಕಾನ್‌ಸ್ಟೆಬಲ್. "ಕೀ ಇವನ ಸೊಂಟದ್ದು, ಬೀಗ ಒಡೆದಿಲ್ಲ. ಯಾರಿಗೋ ಮಾಲು ದಾಟಿಸಿ ಈಗ ನಾಟಕ ಆಡ್ತಿದಾನೆ."

ಸಬ್ ಇನ್ಸ್‌ಪೆಕ್ಟರ್ ಮೆಟ್ಟಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತ, ಒಂದು ಮಾರು ದೂರದಲ್ಲಿ. ಮುಟ್ಟಲಿಲ್ಲ. ಇವತ್ತು ಭಾನುವಾರ, ನೀವು ಗೋದಾಮಿನಲ್ಲಿದ್ದೀರಿ, ಹೊರಗೆ ಬಿಸಿಲಿದೆ ಎಂದು ಮೆಲ್ಲಗೆ ಮತ್ತೆ ಮತ್ತೆ ಹೇಳಿದ. ಐದಾರು ನಿಮಿಷದ ಮೇಲೆ ವಾಚ್‌ಮನ್‌ನ ಕೈಗಳು ತಲೆಯಿಂದ ಕೆಳಗಿಳಿದವು. ಸಾಹೇಬರು ಈ ವಿದ್ಯೆಯನ್ನು ಎಲ್ಲಿ ಕಲಿತರೋ ಎಂದು ಹೆಡ್ ಕಾನ್‌ಸ್ಟೆಬಲ್ ಕಣ್ಣು ಪಿಳಿಪಿಳಿ ಬಿಟ್ಟ.

ಅಷ್ಟರಲ್ಲಿ ಸ್ಟೋರ್‌ಕೀಪರ್ ಮನೆಯಿಂದ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವನ ಅಚ್ಚುಕಟ್ಟುತನಕ್ಕೆ ಗೋದಾಮಿನವರು ಇಟ್ಟ ಹೆಸರು ಮೇಷ್ಟ್ರು. ಬಂದವನೇ ಲೋಟದಲ್ಲಿ ನೀರು ತಂದು ವಾಚ್‌ಮನ್ ಪಕ್ಕದಲ್ಲಿಟ್ಟ.

"ಗದರಿಸ್ಬೇಡಿ ಸಾರ್," ಅಂದ. "ಸೈನ್ಯದಲ್ಲಿದ್ದೋರು. ಪಾಪ, ತಲೆ ಸ್ವಲ್ಪ ಸರಿಯಿಲ್ಲ."

*

ಸಬ್ ಇನ್ಸ್‌ಪೆಕ್ಟರ್ ಕೂಡ ಹದಿನಾರು ವರ್ಷ ಸೈನ್ಯದಲ್ಲಿದ್ದವನೇ. ಪೊಲೀಸ್ ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ಸೇರುವಾಗ ತುಂಬಿದ ಅರ್ಜಿಯಲ್ಲಿ ನಿದ್ದೆಗೆ, ಮನಸ್ಸಿಗೆ ಸಂಬಂಧಪಟ್ಟ ತೊಂದರೆ ಇದೆಯೇ ಎಂಬ ಪ್ರಶ್ನೆಯಿತ್ತು. ಅವನು ದುಂಡಗಿನ ಅಕ್ಷರದಲ್ಲಿ "ಇಲ್ಲ" ಎಂದು ಬರೆದಿದ್ದ. ಆ ಉತ್ತರ ನಿಜವಲ್ಲ ಎಂದು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಮೂರು ವರ್ಷದ ಹಿಂದೆ ಅವಳು ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋದಳು. ಜಗಳವೇನೂ ಆಗಿರಲಿಲ್ಲ. "ನೀವು ಮನೇಲಿದ್ರೂ ನಾವಿಬ್ಬರೇ ಇದ್ದ ಹಾಗಿರುತ್ತೆ. ಅದಕ್ಕೆ ಅಲ್ಲೇ ಇರ್ತೀವಿ," ಎಂದಿದ್ದಳು, ಅಷ್ಟೆ. ಅಂದಿನಿಂದ ಅವನ ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ ಮಾತ್ರ ತೊಳೆಯಲು ಬೀಳುತ್ತಿದ್ದವು.

ಠಾಣೆಯಲ್ಲಿ ವಾಚ್‌ಮನ್ ಹೇಳಿದ್ದು ನಾಲ್ಕೇ ಮಾತು. ಕೂತು ಟೀ ಕುಡಿಯುತ್ತಿದ್ದನಂತೆ. ಬೆನ್ನ ಹಿಂದೆ ಏನೋ ಸಿಡಿಯಿತು. ಆಮೇಲೆ ಅವನು ಗೋದಾಮಿನಲ್ಲಿರಲಿಲ್ಲ, ಗುಡ್ಡದ ಮೇಲಿದ್ದ. ಮೇಲಿಂದ ಮಣ್ಣು ಸುರಿಯುತ್ತಿತ್ತು. ಜೊತೆಯವನೊಬ್ಬ ಪಕ್ಕದಲ್ಲಿ ಬಂದು ಕೂತು, ಸೊಂಟದಿಂದ ಗುಂಡಿನ ಚೀಲ ಬಿಚ್ಚಿಕೊಂಡ.

ಹೆಡ್ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದ. ಇದನ್ನೂ ಬರೆಯಬೇಕೇ ಎಂಬಂತೆ ನೋಡಿದ.

"ಎಲ್ಲಾ ಬರ್ಕೊಳ್ಳಿ," ಅಂದ ಸಬ್ ಇನ್ಸ್‌ಪೆಕ್ಟರ್. "ಗುಂಡಿನ ಚೀಲಾನೂ."

*

ಮೊದಲ ಅನುಮಾನ ಬಿದ್ದದ್ದು ಲಾರಿ ಡ್ರೈವರ್ ಮೇಲೆ. ಅವನ ಅಡ್ಡಹೆಸರು ಮೀಸೆ. ಎರಡು ತಿಂಗಳ ಹಿಂದೆ ಇದೇ ಗೋದಾಮಿನಲ್ಲಿ ಅವನೊಂದು ತಮಾಷೆ ಮಾಡಿದ್ದ. ಲಾರಿಯಲ್ಲಿ ಪೆಟ್ಟಿಗೆಗಳು ಅಲುಗಾಡದಂತೆ ನಡುವೆ ತೂರಿಸುವ ದೊಡ್ಡ ಗಾಳಿಚೀಲಗಳಿರುತ್ತವೆ. ಅಂಥದ್ದೊಂದಕ್ಕೆ ಗಾಳಿ ತುಂಬಿ, ವಾಚ್‌ಮನ್ ಹಿಂದೆ ನಿಂತು ಮೊಳೆ ಚುಚ್ಚಿದ್ದ.

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಮೀಸೆ ಅದನ್ನು ಮುಚ್ಚಿಡಲಿಲ್ಲ. ಮೇಲ್ದುಟಿಯ ಮೇಲಿನ ಕಲೆ ತೋರಿಸಿದ. ಎಬ್ಬಿಸಲು ಕೈ ಹಿಡಿದಾಗ ವಾಚ್‌ಮನ್ ಕೊಟ್ಟ ಏಟು ಅದು. ಹಮಾಲರೆಲ್ಲ ಹೆದರಿ ಆಚೆ ಓಡಿದರು, ತಾನೂ ಓಡಿದೆ ಎಂದ.

"ಆಮೇಲೆ ಅವರು ಎದ್ದಿದ್ದು ಯಾವಾಗ?"

"ಯಾರಿಗೆ ಗೊತ್ತು ಸಾರ್. ನಾನು ಲಾರಿ ತಗೊಂಡು ಹೊರಟೇಬಿಟ್ಟೆ. ಮೇಷ್ಟ್ರು ಒಬ್ಬರೇ ಅಲ್ಲಿ ಉಳ್ಕೊಂಡಿದ್ದು." ಮೀಸೆ ಸ್ವಲ್ಪ ಹೊತ್ತು ನೆಲ ನೋಡಿದ. "ಈಗ್ಲೂ ಅವರ ಮುಖ ನೋಡೋಕಾಗಲ್ಲ ನನಗೆ. ಸುತ್ತು ಹಾಕಿ ಹಿಂದಿನ ಬಾಗಿಲಿಂದ ಹೋಗ್ತೀನಿ."

ಭಾನುವಾರ ಮಧ್ಯಾಹ್ನ ಮೂರಕ್ಕೆ ಅವನ ಲಾರಿ ಎರಡು ಊರಾಚೆ ತೂಕದ ಕಟ್ಟೆಯ ಮೇಲೆ ನಿಂತಿತ್ತು. ಚೀಟಿಯ ಮೇಲೆ ಗಂಟೆ ಅಚ್ಚಾಗಿತ್ತು. ಅಲ್ಲಿಗೆ ಆ ದಾರಿ ಮುಚ್ಚಿತು.

ವಾಚ್‌ಮನ್ ಇದ್ದದ್ದು ತಂಗಿಯ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಕೋಣೆ ತೀರಾ ಓರಣವಾಗಿತ್ತು. ಮಡಿಸಿದ ಹೊದಿಕೆ, ಗೋಡೆಗೆ ಒತ್ತಿ ಇಟ್ಟ ಬೂಟು. ಯಾರಾದರೂ ಬಂದು ಹೋದ ಗುರುತೇ ಇಲ್ಲ. ತಂಗಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು. ಅಣ್ಣನಿಗೆ ಸ್ನೇಹಿತರು ಯಾರಿದ್ದಾರೆ ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದ.

"ಯಾರೂ ಇಲ್ಲ. ನಮ್ಮ ಜೊತೆ ಊಟಕ್ಕೂ ಇಳಿಯಲ್ಲ. ಆದ್ರೆ ಒಂದ್ಸಲ ಹೇಳಿದ, ಕೆಲಸದ ಕಡೆ ಒಬ್ಬರಿದಾರೆ, ಅರ್ಧ ಗಂಟೆ ನನ್ನ ಪಕ್ಕ ಕೂತಿದ್ರು ಅಂತ. ಇಲ್ಲಿಗೆ ಬಂದ ಎರಡು ವರ್ಷದಲ್ಲಿ ಅವನಾಗಿ ಬಾಯಿಬಿಟ್ಟು ಹೇಳಿದ್ದು ಅದೊಂದೇ, ಸಾರ್."

*

ಮಧ್ಯಾಹ್ನ ಗೋದಾಮಿನ ರದ್ದಿ ಮೂಲೆಯಲ್ಲಿ, ರಟ್ಟಿನ ಕೆಳಗೆ, ಒಡೆದ ಗಾಳಿಚೀಲವೊಂದು ಸಿಕ್ಕಿತು. ಅದನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು.

ಅದರ ಸದ್ದು ಎಲ್ಲಿಯವರೆಗೆ ಕೇಳುತ್ತದೆ ಎಂದು ನೋಡಬೇಕಿತ್ತು. ಸಬ್ ಇನ್ಸ್‌ಪೆಕ್ಟರ್ ಇನ್ನೊಂದಕ್ಕೆ ಗಾಳಿ ತುಂಬಿಸಿ, ವಾಚ್‌ಮನ್ ಕುರ್ಚಿಯ ಹತ್ತಿರ ತಾನೇ ನಿಂತು, ಚುಚ್ಚಿ ಎಂದು ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿದ. ಸದ್ದು ಬರುತ್ತದೆಂದು ಅವನಿಗೆ ಗೊತ್ತಿತ್ತು. ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು.

ಮುಂದೆ ಅವನಿಗೆ ಪ್ರಜ್ಞೆ ಬಂದಾಗ ಎರಡು ಶೆಲ್ಫುಗಳ ನಡುವೆ ಕುಸಿದು ಕೂತಿದ್ದ. ಕೆನ್ನೆ ರಟ್ಟಿನ ಪೆಟ್ಟಿಗೆಗೆ ಒತ್ತಿಕೊಂಡಿತ್ತು. ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತೆರಡು. ಯಾರೋ ತಲೆಯಿಂದ ಹೆಲ್ಮೆಟ್ ಕಳಚಿಕೊಂಡು ಹೋದ ನೆನಪು. ತಲೆ ಮುಟ್ಟಿಕೊಂಡ. ಅವನ ಟೋಪಿ ಮೇಜಿನ ಮೇಲಿತ್ತು.

ಹೆಡ್ ಕಾನ್‌ಸ್ಟೆಬಲ್ ಯಾರೂ ಒಳಗೆ ಬಾರದಂತೆ ಬಾಗಿಲಿಗೆ ಅಡ್ಡ ನಿಂತಿದ್ದ. ಮುಖ ಹೊರಗೆ, ಬೆನ್ನು ಒಳಗೆ.

"ಆಚೆ ಚೆನ್ನಾಗಿ ಕೇಳುತ್ತೆ ಸಾರ್," ಅಂದ, ತಿರುಗದೆ. "ಎದುರಿನ ಟೀ ಅಂಗಡಿಯೋನು ನಿನ್ನೆ ಮೂರು ಗಂಟೆಗೂ ಹಿಂಗೇ ಕೇಳಿಸ್ತು, ಟೈರು ಅಂದ್ಕೊಂಡೆ ಅಂತಾನೆ." ಸ್ವಲ್ಪ ತಡೆದು, "ಟೋಪಿ ಬೀಳ್ತಿತ್ತು, ನಾನೇ ತೆಗೆದಿಟ್ಟೆ," ಅಂದ. ಬೇರೇನೂ ಕೇಳಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಮುಖ ತೊಳೆದುಕೊಂಡು ಶೀತಕೋಣೆಗೆ ಹೋದ. ಬಾಗಿಲ ಪಕ್ಕದ ಯಂತ್ರದಲ್ಲಿ ದುಂಡನೆಯ ಕಾಗದ ತಿರುಗುತ್ತಿರುತ್ತದೆ. ಅದರ ಮೇಲೆ ಕೆಂಪು ಪೆನ್ನೊಂದು ಹಗಲೂ ರಾತ್ರಿ ಕೋಣೆಯ ತಂಪನ್ನು ಗೆರೆಯಾಗಿ ಎಳೆಯುತ್ತದೆ. ವಾರಕ್ಕೊಂದು ಕಾಗದ. ಭಾನುವಾರ ಮೂರು ದಾಟುತ್ತಲೇ ಗೆರೆ ಏರಿತ್ತು, ಮೂರೂಕಾಲು ದಾಟಿದ ಮೇಲೆ ಇಳಿದಿತ್ತು. ಬಾಗಿಲು ತೆರೆದಿದ್ದದ್ದು ಸುಮಾರು ಹದಿನೈದು ನಿಮಿಷ. ನಡುವಿನ ಹಲಗೆ ಖಾಲಿ ಮಾಡುವಾಗ ಜರುಗಿಸಿದ ಬೇರೆ ಡಬ್ಬಗಳನ್ನು ಕಳ್ಳ ಮತ್ತೆ ಸಾಲಾಗಿ ಜೋಡಿಸಿಯೂ ಇದ್ದ. ಅವುಗಳಲ್ಲಿ ಇದಕ್ಕಿಂತ ದುಬಾರಿ ಔಷಧಿಯಿತ್ತು. ಅದನ್ನು ಮುಟ್ಟಿರಲಿಲ್ಲ.

ಹಳೆಯ ಕಾಗದಗಳ ಫೈಲು ತರಿಸಿ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದ. ಮೂರು ವಾರದ ಹಿಂದಿನ ಕಾಗದದ ಹತ್ತಿರ ಅವನ ಕೈ ನಿಂತಿತು.

*

"ವಾಚ್‌ಮನ್‌ನ ಇವತ್ತೇ ಒಳಗೆ ಹಾಕಿ ಅಂತ ಮಾಲೀಕರು ಮೂರು ಸಲ ಫೋನ್ ಮಾಡಿದಾರೆ," ಅಂದರು ಇನ್ಸ್‌ಪೆಕ್ಟರ್ ಮೇಡಂ. ಅವರ ಮುಂದೆ ವಾಚ್‌ಮನ್‌ನ ಹೇಳಿಕೆಯಿತ್ತು. "ಗುಡ್ಡ, ಮಣ್ಣು, ಗುಂಡಿನ ಚೀಲ. ಇದನ್ನ ಯಾರು ನಂಬ್ತಾರೆ?"

ಅದರಲ್ಲಿ ಒಂದು ಮಾತು ಮಾತ್ರ ಗುಡ್ಡದ್ದಲ್ಲ, ಗೋದಾಮಿನದು ಎಂದ ಸಬ್ ಇನ್ಸ್‌ಪೆಕ್ಟರ್. ಆ ಸ್ಥಿತಿಯಲ್ಲಿರುವವನನ್ನು ನಿಜವಾದ ಕೈ ಮುಟ್ಟಿದರೆ, ಆ ಕೈ ಕೂಡ ಅವನ ಕನಸಿನೊಳಗೆ ಸೇರಿಕೊಳ್ಳುತ್ತದೆ. ಸೊಂಟಕ್ಕೆ ಬಂದ ಕೈ ನಿಜ. ಬಿಚ್ಚಿಕೊಂಡದ್ದು ಗುಂಡಿನ ಚೀಲವಲ್ಲ, ಕೀಗೊಂಚಲು.

"ನಿಮಗೆ ಹೇಗೆ ಗೊತ್ತು?"

ಅವನು ಕಿಟಕಿ ನೋಡಿದ. ಹೊರಗೆ ಯಾರೋ ಜೀಪು ತೊಳೆಯುತ್ತಿದ್ದರು.

"ನನಗೂ ಆಗುತ್ತೆ ಮೇಡಂ. ಇವತ್ತೂ ಆಯ್ತು. ಹನ್ನೆರಡು ನಿಮಿಷ."

ಮೇಡಂ ಅವನ ಕಡೆ ತಿರುಗಿದರು. "ಅರ್ಜಿಯಲ್ಲಿ ಇಲ್ಲ ಅಂತ ಬರ್ದಿದ್ರಿ."

"ಸುಳ್ಳು ಬರ್ದಿದ್ದೆ."

"ಇದು ವರದಿಗೆ ಹೋದ್ರೆ ನಿಮ್ಮ ಪಿಸ್ತೂಲು ವಾಪಸ್ ತಗೋತಾರೆ. ಕೆಲಸಾನೂ ಹೋಗಬಹುದು."

"ಬರೀದಿದ್ರೆ ಅವನು ಜೈಲಿಗೆ ಹೋಗ್ತಾನೆ ಮೇಡಂ."

ಮೇಡಂ ಹೇಳಿಕೆಯ ಹಾಳೆಯನ್ನು ಅವನ ಕಡೆ ಸರಿಸಿದರು. ಮೊದಲು ಕಳ್ಳನನ್ನು ತೋರಿಸಿ, ಉಳಿದದ್ದು ಆಮೇಲೆ ನೋಡೋಣ ಎಂದರು.

*

ಮಂಗಳವಾರ ಬೆಳಿಗ್ಗೆ ಗೋದಾಮಿನ ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿದರು. ಮೇಡಂ ಇದ್ದರು. ಮೀಸೆ ಗೋಡೆಯ ಹತ್ತಿರ, ವಾಚ್‌ಮನ್ ತಂಗಿಯ ಪಕ್ಕದಲ್ಲಿ. ಮೇಷ್ಟ್ರು ಎಲ್ಲರಿಗೂ ಕುರ್ಚಿ ಹಾಕಿ ತಾನು ಕೊನೆಯಲ್ಲಿ ಕೂತ.

ಸಬ್ ಇನ್ಸ್‌ಪೆಕ್ಟರ್ ನಿಂತೇ ಮಾತಾಡಿದ. ಕಳ್ಳನಿಗೆ ಎರಡು ಸಂಗತಿ ಗೊತ್ತಿದ್ದವು. ಸದ್ದಾದರೆ ಈ ಮನುಷ್ಯ ಬೀಳುತ್ತಾನೆ ಎನ್ನುವುದು ಒಂದು. ಅದು ಮೀಸೆಗೂ ಗೊತ್ತು, ಹಮಾಲರಿಗೂ ಗೊತ್ತು. ಆದರೆ ಕಳ್ಳ ಹದಿನೈದು ನಿಮಿಷ ಕೋಣೆಯಲ್ಲಿದ್ದ, ಡಬ್ಬ ಜೋಡಿಸಿದ, ಒಡೆದ ಚೀಲವನ್ನು ಮಡಿಸಿಟ್ಟ. ಅವನಿಗೆ ಅವಸರವೇ ಇರಲಿಲ್ಲ.

"ಬಿದ್ದವರನ್ನ ನೋಡಿ ಓಡಿಹೋದವರಿಗೆ ಅವರು ಬೀಳ್ತಾರೆ ಅಂತ ಮಾತ್ರ ಗೊತ್ತು. ಎರಡನೇ ಸಂಗತಿ, ಎಷ್ಟು ಹೊತ್ತಿಗೆ ಏಳ್ತಾರೆ ಅನ್ನೋದು. ಅದು ಗೊತ್ತಿರೋದು ಪಕ್ಕದಲ್ಲಿ ಕೂತು ಕಾದವರಿಗೆ. ಮೀಸೆ ಕೈ ಹಿಡಿದಾಗ ಏಟು ತಿಂದ. ಭಾನುವಾರ ಸೊಂಟಕ್ಕೆ ಕೈ ಹಾಕಿದವರು ತಿನ್ನಲಿಲ್ಲ. ಹೇಗೆ ಹತ್ತಿರ ಹೋಗಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು."

ಯಾರೂ ಮೇಷ್ಟ್ರ ಕಡೆ ತಿರುಗಲಿಲ್ಲ. ವಾಚ್‌ಮನ್ ಮಾತ್ರ ತಿರುಗಿದ.

ಇನ್ನು ಕಾರಣ. ಸಬ್ ಇನ್ಸ್‌ಪೆಕ್ಟರ್ ಎರಡು ದುಂಡು ಕಾಗದಗಳನ್ನು ಮೇಜಿನ ಮೇಲಿಟ್ಟ. ತಂಪು ಮಾಡುವ ಯಂತ್ರ ಶುರುವಾದಾಗಲೆಲ್ಲ ಪೆನ್ನು ಅದುರುತ್ತದೆ, ಹಾಗಾಗಿ ನಿಜವಾದ ಗೆರೆ ಎಲ್ಲ ಕಡೆ ನಡುಗಿರುತ್ತದೆ. ಮೂರು ವಾರದ ಹಿಂದಿನ ಕಾಗದದ ಗೆರೆ ಎಲ್ಲೂ ನಡುಗಿಲ್ಲ. ಅದು ಕೈಯಿಂದ ಎಳೆದದ್ದು. ಆ ವಾರ ಕೋಣೆಯಲ್ಲಿದ್ದದ್ದು ಈಗ ಕಳುವಾದ ನಲವತ್ತು ಡಬ್ಬ ಮಾತ್ರ. ದುಬಾರಿ ಔಷಧಿ ಬಂದದ್ದು ಆಮೇಲೆ. ಆ ವಾರ ಕೋಣೆ ಬಿಸಿಯಾಗಿ ಔಷಧಿ ಕೆಟ್ಟಿತ್ತು. ಸೋಮವಾರ ಆಸ್ಪತ್ರೆಯವರು ಡಬ್ಬ ಬಿಚ್ಚಿದರೆ, ಬಿಸಿ ತಾಗಿದಾಗ ಕಪ್ಪಾಗುವ ಒಳಗಿನ ಚೀಟಿ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಆ ಹೊತ್ತಿಗೆ ಹೆಡ್ ಕಾನ್‌ಸ್ಟೆಬಲ್ ಮೇಷ್ಟ್ರ ಮನೆಯ ಅಟ್ಟದಿಂದ ಇಳಿಸಿದ ಚೀಲ ಹೊತ್ತು ಒಳಗೆ ಬಂದ. ನಲವತ್ತೂ ಡಬ್ಬ ಇದ್ದವು. ಬಿಚ್ಚಿದ್ದರಲ್ಲೆಲ್ಲ ಚೀಟಿ ಕಪ್ಪು.

ಮೇಷ್ಟ್ರು ವಾದಿಸಲಿಲ್ಲ. ಜೇಬಿನ ಪೆನ್ನುಗಳನ್ನು ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದನ್ನು ಇಟ್ಟ. ಆ ಶನಿವಾರ ಬಾಗಿಲು ಸರಿಯಾಗಿ ಹಾಕದೆ ಹೋಗಿದ್ದೆ, ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ತಪ್ಪು ಎಂದ. ಕೆಟ್ಟ ಔಷಧಿ ರೋಗಿಗಳಿಗೆ ಹೋಗಬಾರದು, ತನ್ನ ಹೆಸರೂ ಹೋಗಬಾರದು. ಎರಡಕ್ಕೂ ಕಂಡ ದಾರಿ ಇದೊಂದೇ.

"ಇವರಿಗೆ ಶಿಕ್ಷೆ ಆಗಲ್ಲ ಅಂದ್ಕೊಂಡಿದ್ದೆ ಸಾರ್," ಅಂದ. "ತಲೆ ಸರಿಯಿಲ್ಲ ಅಂತ ಬಿಟ್ಬಿಡ್ತಾರೆ ಅಂತ."

ತಂಗಿ ವಾಚ್‌ಮನ್‌ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

*

ವರದಿಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆ ಹನ್ನೆರಡು ನಿಮಿಷವನ್ನೂ ಬರೆದ. ಮೂರನೇ ದಿನ ಪಿಸ್ತೂಲು ವಾಪಸ್ ಹೋಯಿತು. ಅವನನ್ನು ಕಡತದ ಕೋಣೆಗೆ ಹಾಕಿದರು. ಕೆಲಸದ ವಿಷಯ ಮೇಲಿನವರು ತೀರ್ಮಾನಿಸುವವರೆಗೆ ಪ್ರತಿ ಬುಧವಾರ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು ಎಂದು ಮೇಡಂ ಚೀಟಿ ಬರೆದುಕೊಟ್ಟರು. ಹೋಗುವ ಮುನ್ನ ಅವನು ತಂಗಿಯ ಮನೆಯ ಮಹಡಿ ಹತ್ತಿ, ನೀವೂ ಬನ್ನಿ ಎಂದು ವಾಚ್‌ಮನ್‌ನನ್ನು ಕರೆದ.

ವೈದ್ಯರ ಕೋಣೆಯ ಹೊರಗೆ ಉದ್ದಕ್ಕೂ ಕುರ್ಚಿಗಳಿದ್ದವು. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಇದ್ದದ್ದು ಒಂದೇ. ಇಬ್ಬರ ಕಣ್ಣೂ ಅದರ ಮೇಲೇ ಬಿತ್ತು. ನೀವು ಕೂತ್ಕೊಳ್ಳಿ ಎಂದು ಸಬ್ ಇನ್ಸ್‌ಪೆಕ್ಟರ್ ಪಕ್ಕದ ಕುರ್ಚಿಗೆ ಸರಿದ.

ಬಹಳ ಹೊತ್ತಿನ ಮೇಲೆ ವಾಚ್‌ಮನ್ ಬಾಯಿಬಿಟ್ಟ.

"ಮೊದಲನೇ ಸಲ ಮೇಷ್ಟ್ರು ನನ್ನ ಪಕ್ಕ ಕೂತಿದ್ರಲ್ಲ. ಅರ್ಧ ಗಂಟೆ. ಅದೂ ಸುಳ್ಳೇನಾ, ಸಾರ್?"

ಸಬ್ ಇನ್ಸ್‌ಪೆಕ್ಟರ್ ಯೋಚಿಸಿದ. ಆ ದಿನ ಔಷಧಿ ಇನ್ನೂ ಕೆಟ್ಟಿರಲಿಲ್ಲ. ಕೂರುವುದರಿಂದ ಮೇಷ್ಟ್ರಿಗೆ ಏನೂ ಸಿಗುವಂತಿರಲಿಲ್ಲ.

"ಇಲ್ಲ," ಅಂದ. "ಅವತ್ತು ನಿಜವಾಗ್ಲೂ ಕೂತಿದ್ರು."

ವಾಚ್‌ಮನ್ ತಲೆಯಾಡಿಸಿದ. ಅದು ಸಮಾಧಾನವೋ, ಇನ್ನೂ ದೊಡ್ಡ ನೋವೋ, ಅವನ ಮುಖದಿಂದ ತಿಳಿಯುವಂತಿರಲಿಲ್ಲ. ನರ್ಸ್ ಹೊರಬಂದು, ಮೊದಲು ಯಾರು ಬರುತ್ತೀರಿ ಎಂದು ಕೇಳಿದಳು. ಇಬ್ಬರೂ ಕೂತಲ್ಲೇ ಕೂತಿದ್ದರು. ಆಮೇಲೆ ಸಬ್ ಇನ್ಸ್‌ಪೆಕ್ಟರ್ ಎದ್ದ.