ಹದಿನಾರನೇ ಹೋಲಿನ ಬಿಳಿ ಕಂಬ

"ಅಲ್ಲಾಡಿದ್ರೆ ತಲೆ ಎರಡು ಹೋಳು!"

ಗಡಾರಿ ಹೇಳಿದ. ಸುಮ್ಮನೆ ಹೇಳುವ ಆಸಾಮಿಯಲ್ಲ ಅವನು. ಕೈಯಲ್ಲಿ ಏಳನೇ ನಂಬರಿನ ಗಾಲ್ಫ್ ಸ್ಟಿಕ್ಕು. ಅದರ ಕಬ್ಬಿಣದ ಮೂತಿ ನನ್ನ ಹಣೆಯಿಂದ ಒಂದೇ ಗೇಣು ಮೇಲೆ.

ನಾನು ಗಾಲ್ಫ್ ಮೈದಾನದ ಬಂಕರ್ ಎಂಬ ಮರಳುಗುಂಡಿಯಲ್ಲಿ ಅಂಗಾತ ಬಿದ್ದಿದ್ದೆ. ಹಲ್ಲಿನ ಸಂದಿಯಲ್ಲೆಲ್ಲ ಮರಳು. ಬೆನ್ನಿನ ಕೆಳಗೆ ಒಂದು ಪ್ಲಾಸ್ಟಿಕ್ ಬಾಟಲಿ.

"ಬಾಟ್ಲಿ ಕೊಡು."

"ಯಾವ ಬಾಟ್ಲಿ?"

"ನೀನು ಕೋಳಿ ಥರ ಕಾವಿಗೆ ಕೂತಿದೀಯಲ್ಲ, ಅದು. ನಂಗೇನು ಕಣ್ಣಿಲ್ವಾ?"

"ಕಣ್ಣಿದೆ. ಬುದ್ಧಿ ಇಲ್ಲ."

ಸ್ಟಿಕ್ಕು ಬೀಸಿ ಬಂತು... ಕಿವಿಯ ಪಕ್ಕದಲ್ಲೇ ಮರಳು ಚಿಮ್ಮಿತು!

ಇಲ್ಲೇ ಒಂದು ನಿಮಿಷ ನಿಲ್ಲಿಸುತ್ತೇನೆ ಸ್ವಾಮಿ. ಗಡಾರಿ ಒಬ್ಬ ಕ್ಯಾಡಿ. ಅಂದರೆ ಆಟಗಾರನ ಬ್ಯಾಗು ಹೊರುವವನು. ನಾನು ಅದೇ ಗಾಲ್ಫ್ ಕ್ಲಬ್ಬಿನ ಸೆಕ್ಯುರಿಟಿ. ಒಂದು ಬಾಟಲಿಗೋಸ್ಕರ ಅವನು ನನ್ನ ತಲೆ ಒಡೆಯಲು ನಿಂತದ್ದು ಯಾಕೆ ಎಂದು ನಿಮಗೆ ಹೇಳಬೇಕಲ್ಲ!

ಆ ಮಧ್ಯಾಹ್ನ ಟೂರ್ನಮೆಂಟಿನ ಫೈನಲ್ ಮುಗಿದಿತ್ತು. ಗಡಾರಿಯ ಧಣಿ ಕಂಟ್ರಾಕ್ಟರ್ ಗೆದ್ದಿದ್ದ. ಹಲ್ಲಿನ ಡಾಕ್ಟರು ಸೋತಿದ್ದರು. ಒಂದೇ ಒಂದು ಹೊಡೆತದಲ್ಲಿ! ಹದಿನಾರನೇ ಹೋಲಿನಲ್ಲಿ, ಅಂದರೆ ಚೆಂಡು ಬೀಳಿಸಬೇಕಾದ ಹದಿನಾರನೇ ಕುಳಿಯ ದಾರಿಯಲ್ಲಿ, ಡಾಕ್ಟರ ಚೆಂಡು ಗಡಿಯ ಬಿಳಿ ಕಂಬದಾಚೆ ಬಿದ್ದಿತ್ತು. ಒಂದು ಹೊಡೆತ ದಂಡ. ಮೇಲಾಗಿ ಹಿಂದಿನ ಜಾಗಕ್ಕೇ ಹೋಗಿ ಮತ್ತೆ ಹೊಡೆಯಬೇಕು.

"ನನ್ನ ಚೆಂಡು ಬಲಕ್ಕೆ ಬಾಗೋದು ಇಡೀ ಕ್ಲಬ್ಬಿಗೆ ಗೊತ್ತು!" ಡಾಕ್ಟರು ಕೂಗಾಡಿದರು. "ಅದಕ್ಕೇ ಆ ಕಂಬ ಎರಡು ಹೆಜ್ಜೆ ಒಳಗೆ ಬಂದಿದೆ!"

ನಮ್ಮ ಕ್ಲಬ್ಬಿನ ಲೋಕಲ್ ರೂಲ್ಸ್‌ನಲ್ಲಿ ಮೊದಲನೆಯದೇ ಅದು. ಟೂರ್ನಮೆಂಟಿನ ದಿನ ಬೆಳಗ್ಗೆ ಗಡಿಕಂಬ ನೆಡುವವನು ರೆಫರಿ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಕಂಬ ಜರುಗಿದರೆ ತಲೆ ಕೊಡಬೇಕಾದವನೂ ರೆಫರಿಯೇ.

ರೆಫರಿ ಯಾರು? ನನ್ನ ಷಡ್ಡಕ! ನನ್ನ ಹೆಂಡತಿಯ ತಂಗಿಯ ಗಂಡ!

ಸೆಕ್ರೆಟರಿ ನನ್ನನ್ನು ಕರೆದರು.

"ಐದು ಗಂಟೆಗೆ ಕಮಿಟಿ ಕೂರುತ್ತೆ. ಅಷ್ಟರಲ್ಲಿ ಕಂಬ ಕಿತ್ತಿದ್ದು ಯಾರು ಅಂತ ಪತ್ತೆ ಮಾಡು. ಇಲ್ಲಾಂದ್ರೆ ನಿನ್ನ ಷಡ್ಡಕ ಇವತ್ತೇ ಮನೆಗೆ."

"ಹೋಗ್ಲಿ ಬಿಡಿ ಸಾರ್."

"ಏನಂದೆ?"

"ಹೋಗಿ ನೋಡ್ತೀನಿ ಅಂದೆ."

ಮುಚ್ಚಿಡುವುದೇಕೆ? ನನಗೆ ಹೊಟ್ಟೆಕಿಚ್ಚು. ಇಬ್ಬರೂ ಜೊತೆಯಲ್ಲಿ ಬ್ಯಾಗು ಹೊತ್ತವರು. ಒಂದೇ ದಿನ ರೆಫರಿ ಕೆಲಸಕ್ಕೆ ಅರ್ಜಿ ಹಾಕಿದವರು. ಅವನಿಗೆ ಸಿಕ್ಕಿತು. ಬಿಳಿ ಟೋಪಿ, ಫ್ಯಾನಿನ ಕೆಳಗೆ ಕುರ್ಚಿ, ಮೆಂಬರುಗಳ ನಮಸ್ಕಾರ. ನನಗೆ ಸಿಕ್ಕಿದ್ದು ಗೇಟು, ಸೀಟಿ, ಕುಡಿದವರ ಜಗಳ. ಅತ್ತೆಯ ಮನೆಯಲ್ಲೂ ಅಷ್ಟೇ. ಅವನು ಬಂದರೆ ಬೆತ್ತದ ಕುರ್ಚಿ ಹೊರಗೆ ಬರುತ್ತದೆ. ನಾನು ಹೋದರೆ... "ಅಲ್ಲೇ ಮೆಟ್ಟಿಲ ಮೇಲೆ ಗಾಳಿ ಚೆನ್ನಾಗಿದೆ, ಕೂತ್ಕೊಳಿ ಅಳಿಯಂದ್ರೆ!"

ಅವನೇ ಮಾಡಿರಲಿ ದೇವರೇ ಎಂದುಕೊಂಡೇ ಹದಿನಾರನೇ ಹೋಲಿಗೆ ನಡೆದೆ.

ಷಡ್ಡಕ ಅಲ್ಲೇ ಇದ್ದ. ಕಂಬದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಮುಖ ಸುಣ್ಣವಾಗಿತ್ತು.

"ಅಣ್ಣಾ, ನಾನು ನೆಟ್ಟ ಜಾಗ ಇದಲ್ಲ. ಆದ್ರೆ ಹಳೇ ಗುಂಡಿ ಎಲ್ಲೂ ಕಾಣ್ತಿಲ್ಲ."

"ಗುಂಡಿಗೇನು ಕಾಲು ಬಂತಾ, ಎದ್ದು ಹೋಗೋಕೆ?"

"ನಿಮಗೂ ನನ್ನ ಮೇಲೆ ಅನುಮಾನಾನಾ?"

"ಅನುಮಾನ ಅಲ್ಲ. ಆಸೆ! ಹೋಗು, ಕಮಿಟಿ ಮುಂದೆ ಕೂತ್ಕೊ."

ಅವನು ತಲೆ ತಗ್ಗಿಸಿ ಹೋದ. ನಾನು ನಾಲ್ಕು ಕಾಲಿನಲ್ಲಿ ಹುಲ್ಲು ತಡವುತ್ತಾ ಹೋದೆ. ಒಂದು ಹೆಜ್ಜೆ... ಎರಡು ಹೆಜ್ಜೆ...

ಬೆರಳು ನಿಂತಿತು.

ಹುಲ್ಲಿನ ನಡುವೆ ಅಂಗೈಯಗಲ ಹಸಿರು. ಹುಲ್ಲಲ್ಲ, ಮರಳು! ಹಸಿರು ಬಣ್ಣದ ಮರಳು. ಬೆರಳಿಂದ ಕೆದಕಿದೆ. ಕೆಳಗೆ ಮೊಣಕೈಯಾಳ, ಕಂಬದಷ್ಟೇ ದಪ್ಪದ ಗುಂಡಿ!

ನಗು ಬಂತು ಸ್ವಾಮಿ. ಆಟಗಾರ ಸ್ಟಿಕ್ಕು ಬೀಸಿದಾಗ ಹುಲ್ಲು ಕಿತ್ತು ಹೋಗುತ್ತದೆ. ಆ ಗುಂಡಿಗೆ ಕ್ಯಾಡಿ ಬಾಟಲಿಯಿಂದ ಮರಳು ಸುರಿದು ತುಳಿಯುತ್ತಾನೆ. ದಿನಕ್ಕೆ ಐವತ್ತು ಸಲ. ಬೇರೆ ಕಳ್ಳನಾಗಿದ್ದರೆ ಮಣ್ಣು ಮೆತ್ತಿ ಓಡುತ್ತಿದ್ದ. ಕ್ಯಾಡಿಯ ಕೈ ಮಾತ್ರ ಬಾಟಲಿಗೇ ಹೋಗುತ್ತದೆ!

ಕ್ಲಬ್ಬು ಎಲ್ಲರಿಗೂ ಕೊಡುವುದು ಕಂದು ಮರಳು. ಶೋಕಿಗೆ ಹಸಿರು ಮರಳು ತರಿಸುವವನು ಒಬ್ಬನೇ. ಕಂಟ್ರಾಕ್ಟರ್.

ಕ್ಯಾಡಿಗಳ ಶೆಡ್ಡಿಗೆ ಓಡಿದೆ. ಕಂಟ್ರಾಕ್ಟರನ ಬ್ಯಾಗಿನಿಂದ ಬಾಟಲಿ ಎಗರಿಸಿದೆ. ಬಣ್ಣ ತಾಳೆ ನೋಡಲು ಮತ್ತೆ ಹದಿನಾರಕ್ಕೆ ಕ್ಲಬ್ಬಿನ ಪುಟ್ಟ ಗಾಡಿಯಲ್ಲಿ ಬಂದೆ. ಗಡಾರಿ ಬೇರೆ ಗಾಡಿಯಲ್ಲಿ ಹಿಂದೆಯೇ ಬಂದಿದ್ದ. ಬೆನ್ನಿಗೆ ಒದ್ದ. ಬಂಕರಿಗೆ ಉರುಳಿದೆ.

ಈಗ ಮತ್ತೆ ಆ ಸ್ಟಿಕ್ಕಿನ ಕೆಳಗೆ ಬನ್ನಿ.

ಗಡಾರಿ ದನಿ ತಗ್ಗಿಸಿದ.

"ಯೋಚ್ನೆ ಮಾಡು ಗುರುವೇ. ಆ ಬಾಟ್ಲಿ ಕೆರೆಗೆ ಎಸೆದ್ರೆ ನಿನ್ನ ಷಡ್ಡಕ ಮನೆಗೆ. ಕುರ್ಚಿ ಖಾಲಿ. ನಮ್ಮ ಧಣಿ ಒಂದು ಮಾತು ಹೇಳಿದ್ರೆ ನಾಳೆ ಅದರಲ್ಲಿ ಕೂರೋನು ನೀನೇ!"

ನನ್ನ ಕೈ ಬೆನ್ನ ಕೆಳಗಿನ ಬಾಟಲಿಯತ್ತ ಹೋಯಿತು.

ಆ ಕುರ್ಚಿ ಕಣ್ಣ ಮುಂದೆ ಬಂತು. ಬಿಳಿ ಟೋಪಿ ತಲೆಗೇರಿತು. ಅತ್ತೆ ಬೆತ್ತದ ಕುರ್ಚಿಯ ಧೂಳು ಸೆರಗಿನಲ್ಲಿ ಒರೆಸುತ್ತಿದ್ದರು...

ಎಷ್ಟು ಹೊತ್ತು ಯೋಚಿಸಿದೆ? ಕೇಳಬೇಡಿ. ನಾಚಿಕೆಯಾಗುವಷ್ಟು ಹೊತ್ತು.

"ಒಂದು ಹೇಳು," ಎಂದೆ. "ಗುಂಡಿ ಯಾಕೆ ಮುಚ್ಚಿದೆ?"

ಅವನಿಗೆ ನಿಜಕ್ಕೂ ಅವಮಾನವಾಯಿತು!

"ಮುಚ್ಚದೆ ಬಿಟ್ಟು ಹೋಗೋಕಾಗುತ್ತಾ? ಇಪ್ಪತ್ತು ವರ್ಷದ ಕೈ ಕಣೋ ಇದು!"

ಸಾಕಾಯಿತು. ನನ್ನ ಷಡ್ಡಕನನ್ನು ನೋಡಿ ಹೊಟ್ಟೆ ಉರಿದುಕೊಂಡವನು ನಾನು. ಒಂದು ದಿನವೂ ರಜೆ ಹಾಕದೆ! ಅವನನ್ನು ಉರುಳಿಸುವ ಹಕ್ಕು ನನ್ನದು, ಈ ಗಡಾರಿಯದಾ? ನನಗೆ ಸಿಟ್ಟು ನೆತ್ತಿಗೇರಿತು. ಹಿಡಿ ಮರಳು ಬಾಚಿ ಅವನ ಕಣ್ಣಿಗೆ ಎರಚಿದೆ!

"ಅಯ್ಯೋ!"

ಎದ್ದೆ. ಮೊಣಕಾಲಿಗೆ ಒದ್ದೆ. ಬಾಟಲಿ ಕಂಕುಳಲ್ಲಿ ಇರುಕಿ ಗಾಡಿಗೆ ಹಾರಿದೆ.

ಗಾಲ್ಫ್ ಗಾಡಿಯಲ್ಲಿ ಚೇಸ್! ಬ್ಯಾಟರಿ ಗಾಡಿ... ಎಮ್ಮೆ ಮುನಿಸಿಕೊಂಡು ಹೋದಷ್ಟು ಸ್ಪೀಡು! ಗಡಾರಿಯದೂ ಅದೇ ಸ್ಪೀಡು. ನಡುವೆ ಹತ್ತು ಮಾರು. ಅವನು ಕಣ್ಣೊರೆಸಿಕೊಳ್ಳುತ್ತಾ ಬೈಯುತ್ತಿದ್ದ. ನಾನು ತಿರುಗಿ ಬೈಯುತ್ತಿದ್ದೆ. ಸುತ್ತಿ ಹೋದರೆ ಐದು ಗಂಟೆ ದಾಟುತ್ತಿತ್ತು. ಹದಿನಾರನೇ ಕುಳಿಯ ಸುತ್ತ ನಯವಾಗಿ ಬೆಳೆಸಿದ ಗ್ರೀನಿನ ಮೇಲೆಯೇ ನುಗ್ಗಿಸಿದೆ. ಬಾವುಟ ಮುರಿಯಿತು. ಕಾರ್ಪೆಟ್ಟಿನಂಥ ಹುಲ್ಲು ಚಕ್ರದ ಕೆಳಗೆ ಕಿತ್ತು ಬಂತು. ಹಿಂದೆ ಬಂದ ಗಡಾರಿ ತಿರುವಿನಲ್ಲಿ ಕೆರೆಗೆ ಬಿದ್ದ. ಗಾಡಿ ಸಮೇತ!

ಐದಕ್ಕೆ ಎರಡು ನಿಮಿಷ. ಕಮಿಟಿಯ ಮೇಜಿನ ಮೇಲೆ ಬಾಟಲಿ ಕುಕ್ಕಿದೆ.

ಎಲ್ಲರೂ ಹೋಗಿ ಗುಂಡಿ ನೋಡಿದರು. ಹಸಿರಿಗೆ ಹಸಿರು ತಾಳೆಯಾಯಿತು. ಒದ್ದೆ ಬೆಕ್ಕಿನಂತೆ ನಿಂತಿದ್ದ ಗಡಾರಿ ಎಲ್ಲ ಕಕ್ಕಿದ. ಕಂಟ್ರಾಕ್ಟರ್ ಔಟ್! ಟೂರ್ನಮೆಂಟಿನ ಕಪ್ ಡಾಕ್ಟರಿಗೆ. ಷಡ್ಡಕನ ಕೆಲಸ ಉಳಿಯಿತು.

ಎಲ್ಲ ಹೋದ ಮೇಲೆ ಅವನು ನನ್ನನ್ನು ಆಫೀಸಿಗೆ ಕರೆದ. ಕಣ್ಣಲ್ಲಿ ನೀರಿತ್ತು.

"ಅಣ್ಣಾ, ನಿಮ್ಮ ಋಣ ಈ ಜನ್ಮದಲ್ಲಿ ತೀರಲ್ಲ."

"ಆಯ್ತು ಬಿಡು."

"ಗ್ರೀನ್ ಮೇಲೆ ಗಾಡಿ ಓಡಿಸಿದ್ದು..."

"ನಾನೇ. ನಿನಗೋಸ್ಕರ."

ಅವನು ಕಣ್ಣೊರೆಸಿಕೊಂಡ. ಮೂಗು ಸೀಟಿದ. ಡ್ರಾಯರಿನಿಂದ ಒಂದು ಫಾರಂ ತೆಗೆದ.

"ಲೋಕಲ್ ರೂಲ್ ಒಂಬತ್ತು ಅಣ್ಣಾ. ಗ್ರೀನ್ ಮೇಲೆ ಗಾಡಿ ಹತ್ತಿಸಿದ್ರೆ ಎಂಟು ದಿನ ಸಸ್ಪೆಂಡ್. ಮೆಂಬರ್ ಆಗ್ಲಿ, ಸ್ಟಾಫ್ ಆಗ್ಲಿ. ಇಲ್ಲೊಂದು ಸೈನ್ ಹಾಕಿ."

"ಲೋ! ನಿನ್ನ ಕೆಲಸ ಉಳಿಸಿದೀನಿ ಕಣೋ!"

"ಅದಕ್ಕೇ ಅಣ್ಣಾ ಪೆನ್ನು ನಡುಗ್ತಿದೆ."

ನಡುಗುತ್ತಲೇ ಬರೆದ. ಒಂದು ದಿನವನ್ನೂ ಕಡಿಮೆ ಮಾಡಲಿಲ್ಲ.

ಸೈನ್ ಹಾಕಿ ಹೊರಗೆ ಬಂದೆ. ನಾನು ಆ ಕುರ್ಚಿಯಲ್ಲಿ ಇದ್ದಿದ್ದರೆ ಅವನನ್ನು ಖಂಡಿತ ಬಿಟ್ಟುಬಿಡುತ್ತಿದ್ದೆ ಸ್ವಾಮಿ... ಹಾಳಾದ ಕುರ್ಚಿ ನನಗೆ ಸಿಗದೆ ಇದ್ದದ್ದೂ ಅದಕ್ಕೇ!