ಅವಳ ಅಲಾರಂ ಅವಳಿಗೇ

"ಯಾರ್ರೀ ನನ್ನ ಸರ್ವರ್ ರೀಸ್ಟಾರ್ಟ್ ಮಾಡಿದ್ದು?!"

ಹೆಡ್‌ಫೋನಿನಲ್ಲಿ ಗುಡುಗಿದ ದನಿಗೆ ಅವಳ ಕೈಯಲ್ಲಿದ್ದ ಚಹಾ ತುಳುಕಿತು.

"ನಾನೇ! ಎಷ್ಟು ಸಲ ಫೋನ್ ಮಾಡ್ಲಿ? ನೀವು ಎತ್ತಲೇ ಇಲ್ಲ."

"ಕೌಂಟರ್‌ನಲ್ಲಿ ಅರ್ಧ ತುಂಬಿಸಿದ್ದೆಲ್ಲಾ ಹೋಯ್ತು! ಜನ ನನ್ನ ತಲೆ ತಿಂತಿದಾರೆ!"

"ಮೆಮೊರಿ ಕುತ್ತಿಗೆವರೆಗೂ ತುಂಬಿತ್ತು ಸಾರ್. ಬಿಟ್ಟಿದ್ರೆ ಡಾಕ್ಟರ್‌ಗಳು ಬಂದು ಕೂತ ಮೇಲೆ ತಾನಾಗೇ ಬೀಳ್ತಿತ್ತು. ಆಗ ತಿನ್ನೋಕೆ ನಿಮ್ಮ ತಲೆನೇ ಇರ್ತಿರಲಿಲ್ಲ!"

ಆ ಕಡೆಯಿಂದ ಫೋನ್ ಕಟ್!

ಅವನು ಕಣ್ಣಿನ ಆಸ್ಪತ್ರೆಯ ಇಂಜಿನಿಯರ್. ರೋಗಿಗಳ ನೋಂದಣಿಯಿಂದ ಔಷಧಿಯವರೆಗೆ ಎಲ್ಲವೂ ಅಲ್ಲಿ ಒಂದೇ ಜಾವಾ ಸರ್ವರ್ ಮೇಲೆ ನಡೆಯುತ್ತಿತ್ತು. ಊರಿನ ಇನ್ನೊಂದು ತುದಿಯ ಮನೆಯಲ್ಲಿ ಕುಳಿತು, ಆ ಸರ್ವರಿನ ಉಸಿರಾಟ ಗಮನಿಸುವುದು, ತೊಂದರೆಯ ಅಲಾರಂ ಬಂದರೆ ಸರಿಪಡಿಸುವುದು ಅವಳ ಕೆಲಸ. ಬಿದ್ದು ಸೊಂಟ ಮುರಿದುಕೊಂಡ ಅಮ್ಮನನ್ನು ನೋಡಿಕೊಳ್ಳಲೆಂದೇ ಅವಳು ಆಫೀಸು ಬಿಟ್ಟು ಇದನ್ನು ಹಿಡಿದಿದ್ದಳು.

ಸಂಜೆ ಮತ್ತೆ ಅವನದೇ ಫೋನ್.

"ಲಾಗ್ ನೋಡಿದೆ. ನೀವು ಮಾಡಿದ್ದೇ ಸರಿ. ಕೂಗಾಡಿದ್ದು ನನ್ನ ತಪ್ಪು… ಊಟ ಆಯ್ತಾ?"

"ಸರ್ವರ್‌ದಾ, ನನ್ನದಾ?"

ಅವನು ನಕ್ಕುಬಿಟ್ಟ. ಆ ನಗು ಅವಳ ಕಿವಿಯಲ್ಲೇ ಉಳಿಯಿತು.

ಆಮೇಲೆ ದಿನವೂ ಬೆಳಿಗ್ಗೆ ಮಾತು. ಸರ್ವರ್ ವಿಷಯ ಎರಡು ಮಾತಿಗೆ ಮುಗಿದರೂ ಫೋನ್ ಮುಗಿಯುತ್ತಿರಲಿಲ್ಲ. ಅವನು ಅವಳನ್ನು 'ದುರ್ಬೀನು ಮೇಡಂ' ಎಂದ. ಅವಳು ಅವನಿಗೆ 'ಸಿಡುಕಪ್ಪ' ಎಂದು ಹೆಸರಿಟ್ಟಳು.

ಅಷ್ಟರಲ್ಲಿ ಅಮ್ಮನಿಗೆ ಇನ್ನೊಂದು ಆಪರೇಷನ್ ಎಂದಾಯಿತು.

"ಭಯ ಆಗ್ತಿದೆ," ಎಂದಳು ಅವನೆದುರು. ಬೇರೆ ಯಾರೆದುರೂ ಹಾಗೆ ಹೇಳಿರಲಿಲ್ಲ.

ಆ ವಾರ ಒಂದೂ ಅಲಾರಂ ಬರಲಿಲ್ಲ. ಸದ್ಯ, ಸರ್ವರ್ ಶಾಂತವಾಗಿದೆ ಎಂದುಕೊಂಡಳು.

ಅಮ್ಮ ಮನೆಗೆ ಬಂದ ದಿನವೇ ಅವಳ ಮೇಲಧಿಕಾರಿಯ ಫೋನ್ ಬಂತು.

"ಅಲಾರಂ ಎಲ್ಲಾ ಕಣ್ಣಾಸ್ಪತ್ರೆ ಇಂಜಿನಿಯರ್‌ಗೇ ಹೋಗ್ತಿದೆಯಲ್ಲಮ್ಮ? ಕೆಲಸ ಬಿಡ್ತಿದೀಯಾ?"

ಅವಳು ತಕ್ಷಣ ಅವನಿಗೆ ಫೋನ್ ಮಾಡಿದಳು.

"ನಾನೇ ನನ್ನ ಫೋನಿಗೆ ತಿರುಗಿಸಿಕೊಂಡೆ," ಎಂದ ಅವನು. "ನೀವು ಅಮ್ಮನ ಹತ್ರ ನೆಮ್ಮದಿಯಾಗಿ ಇರ್ಲಿ ಅಂತ…"

"ನನ್ನನ್ನ ಕೇಳಿದ್ರಾ? ನಂದು ಅಂತ ಇರೋದು ಇದೊಂದೇ ಕೆಲಸ! ಪಾಪ ಅನ್ನಿಸಿತಾ ನನ್ನ ನೋಡಿ?"

"ಪಾಪ ಅಲ್ಲ ರೀ… ನನಗೆ ನೀವು…"

ಅವಳು ಕಟ್ ಮಾಡಿದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅವನು ಅವತ್ತೇ ಮೇಲಧಿಕಾರಿಗೆ ತನ್ನ ತಪ್ಪು ಒಪ್ಪಿಕೊಂಡು, ಅಲಾರಂಗಳನ್ನು ಅವಳಿಗೇ ತಿರುಗಿಸಿದ. ಆದರೆ ಬೆಳಗಿನ ಫೋನು ಮಾತ್ರ ನಿಂತಿತು. ಅವಳೂ ಮಾಡಲಿಲ್ಲ. ಪರದೆಯ ಮೇಲೆ ಸರ್ವರಿನ ಗೆರೆಗಳೆಲ್ಲ ಸರಿಯಾಗಿದ್ದವು, ಅವಳೊಬ್ಬಳೇ ಸರಿಯಿರಲಿಲ್ಲ.

"ಆ ಬೆಳಗಿನ ಹುಡುಗ ಎಲ್ಲಿ ಹೋದ್ನೇ?" ಅಮ್ಮ ಕೇಳಿದಳು.

"ಗೊತ್ತಿಲ್ಲಮ್ಮ."

"ಮುಖ ಊದಿಸ್ಕೊಂಡು ಗೊತ್ತಿಲ್ಲ ಅಂದ್ರೆ ನಾನು ನಂಬಬೇಕಾ?"

ಭಾನುವಾರ ಒಂದು ಮೆಸೇಜ್ ಬಂತು: 'ಕ್ಷಮೆ ಕೇಳೋಕೆ ಮನೆಗೆ ಬರಬಹುದಾ? ಬೇಡ ಅಂದ್ರೆ ಬರಲ್ಲ.'

ಬಹಳ ಹೊತ್ತು ನೋಡಿ, 'ಬನ್ನಿ' ಎಂದು ಬರೆದಳು.

ಬಾಗಿಲಲ್ಲಿ ನಿಂತವನು ಅವಳು ಊಹಿಸಿದ್ದಕ್ಕಿಂತ ಕುಳ್ಳ. ಕಣ್ಣು ಮಾತ್ರ ದನಿಯಷ್ಟೇ ಬೆಚ್ಚಗೆ. ಕೂರುವಷ್ಟರಲ್ಲೇ ಅಲಾರಂ ಕೂಗಿತು! ಅವನ ಕೈ ಅವಳ ಲ್ಯಾಪ್‌ಟಾಪಿನತ್ತ ಚಾಚಿತು… ತಕ್ಷಣ ಹಿಂದೆ ಬಂತು.

"ನಿಮ್ಮದು," ಎಂದ.

ಯಾವುದೋ ದೊಡ್ಡ ವರದಿ ಡೇಟಾಬೇಸಿನ ಸಂಪರ್ಕಗಳನ್ನೆಲ್ಲ ಹಿಡಿದು, ಬೇರೆ ಕೆಲಸಕ್ಕೆ ದಾರಿ ಬಿಡದೆ ಕೂತಿತ್ತು. ಅವಳು ಅದೊಂದನ್ನೇ ನಿಲ್ಲಿಸಿದಳು. ಸರ್ವರ್ ನಿರಾಳವಾಯಿತು. ತಲೆ ಎತ್ತಿದರೆ, ಅವನು ಪರದೆಯನ್ನಲ್ಲ, ಅವಳನ್ನೇ ನೋಡುತ್ತಿದ್ದ.

"ನಿಮ್ಮ ಕೆಲಸ ಕಿತ್ಕೊಳ್ಳೋ ಹಕ್ಕು ನನಗಿರಲಿಲ್ಲ. ಕ್ಷಮಿಸಿ. ಇನ್ನೊಂದು ಮಾತು… ನಿಮ್ಮ ದನಿ ಕೇಳದೆ ನನಗೆ ಬೆಳಗೇ ಆಗ್ತಿಲ್ಲ. ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. "ಅಮ್ಮ ನನ್ನ ಜೊತೆನೇ ಇರ್ತಾಳೆ."

"ಅಮ್ಮ ಇಲ್ಲದ ಮನೆ ನನಗೂ ಬೇಡ."

ಒಳಗಿನಿಂದ ಅಮ್ಮನ ದನಿ: "ನನಗೆಲ್ಲಾ ಕೇಳಿಸ್ತಿದೆ! ಮುರಿದಿರೋದು ಸೊಂಟ, ಕಿವಿಯಲ್ಲ!"

ಇಬ್ಬರೂ ನಕ್ಕರು. ಅವಳು ತಲೆ ತಗ್ಗಿಸಿ, "ಹೂಂ," ಎಂದಳು.

"ಇನ್ನೊಂದ್ಸಲ ಹೇಳಿ… ನಂಬಿಕೆ ಬರ್ತಿಲ್ಲ."

"ಹೂಂ ಕಣೋ!"